ಬಾಂಬರ್ ವಿಮಾನದ ಮೂತಿ ಮೇಲೆ ಚಿತ್ರ ಬರೆದವರು ಯಾರು? ನಮ್ಮ ಅಪ್ಪ ಕೇಳುತ್ತಿದ್ದಾರೆ

ಬಣ್ಣದ ಡಬ್ಬಿ, ವಿಜಯಪುರ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ನನ್ನದಲ್ಲ, ನಮ್ಮ ಅಪ್ಪನದು. ಅವರಿಗೆ ಟೈಪ್ ಮಾಡಲು ಬರುವುದಿಲ್ಲ, ಅದಕ್ಕೇ ಅವರ ಪರವಾಗಿ ನಾನು ಬರೆಯುತ್ತಿದ್ದೇನೆ.

ಅಪ್ಪ ಲಾರಿ ಪೇಂಟರ್. ಸೋಲಾಪುರ ರಸ್ತೆ ಕಡೆ ಲಾರಿ ಬಾಡಿ ಕಟ್ಟುವ ಶೆಡ್ಡುಗಳಲ್ಲಿ 38 ವರ್ಷದಿಂದ ಬ್ರಶ್ ಹಿಡಿದವರು. ಲಾರಿಯ ಹಣೆ ಮೇಲೆ ಸಿದ್ಧೇಶ್ವರ ಪ್ರಸನ್ನ, ಬನಶಂಕರಿ ಪ್ರಸನ್ನ, ಹಿಂದಿನ ಹಲಗೆ ಮೇಲೆ ನವಿಲು, ಹುಲಿ, ಎರಡು ಕಮಲ, ಮಾಲೀಕನ ಮಕ್ಕಳ ಹೆಸರು. ಇಂಡಿ ಕಡೆಯಿಂದ ನಿಂಬೆಹಣ್ಣು ತುಂಬಿಕೊಂಡು ಹೋಗುವ ಎಷ್ಟೋ ಲಾರಿಗಳ ಮೇಲೆ ಅವರ ಕೈ ಇದೆ. ಈಗ ಸ್ಟಿಕ್ಕರ್ ಬಂದಿದೆ, ಕೆಲಸ ಕಡಿಮೆ.

ಹೋದ ವಾರ ರಾತ್ರಿ ಊಟ ಆದ ಮೇಲೆ ಮೊಬೈಲ್‌ನಲ್ಲಿ ಎರಡನೇ ಮಹಾಯುದ್ಧದ ಬಾಂಬರ್ ವಿಮಾನಗಳ ಫೋಟೊ ನೋಡುತ್ತಿದ್ದೆ. ಮೂತಿ ಪಕ್ಕದಲ್ಲಿ ಹುಡುಗಿಯರ ಚಿತ್ರ, ಕಾರ್ಟೂನು, ಹಲ್ಲು ಕಿರಿದ ಶಾರ್ಕ್, ಕೆಳಗೆ ಸಾಲಾಗಿ ಪುಟ್ಟ ಪುಟ್ಟ ಬಾಂಬುಗಳು. ಅಪ್ಪನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಫೋಟೊ ದೊಡ್ಡದು ಮಾಡಿ ನೋಡಿದರು. ಮೊದಲು ನೋಡಿದ್ದು ಹುಡುಗಿಯನ್ನಲ್ಲ, ಅಕ್ಷರವನ್ನು. "ಈ ಎಸ್ ನೋಡು, ಬ್ರಶ್ ಎತ್ತದೆ ಒಂದೇ ಎಳೆತದಾಗ ಬಂದದ. ಇಂವ ಬೋರ್ಡ್ ಬರಿಯೋ ಮನಷ್ಯಾನ" ಅಂದರು. ಆಮೇಲೆ ಕೆನ್ನೆ ಮೇಲೆ ಒಂದು ರಿವೆಟ್ ಬಂದಿದ್ದನ್ನು ತೋರಿಸಿ, ಆ ಪೇಂಟರ್ ಅದನ್ನು ಹೇಗೆ ಮುಚ್ಚಿದ್ದಾನೆ ಅಂತ ನನಗೆ ವಿವರಿಸಿದರು. ನನಗೆ ಅದು ಕಂಡೇ ಇರಲಿಲ್ಲ.

ಅವತ್ತಿನಿಂದ ದಿನಾ ಒಂದೊಂದು ಪ್ರಶ್ನೆ ಕೇಳುತ್ತಿದ್ದಾರೆ. ಇವನ್ನು ಬರೆದವರು ಯಾರು, ಸೈನಿಕರೇನಾ? ಯಾವ ಬಣ್ಣ ಬಳಸಿದರು? ಪಟ್ಟಿ ಮೇಲೆ ಪಟ್ಟಿ ಬಡಿದ ಅಲ್ಯೂಮಿನಿಯಂ ಮೇಲೆ ಮುಖ ಬರೆಯುವುದು ಸುಲಭ ಅಲ್ಲ, ಅದೂ ಏಣಿ ಮೇಲೆ ನಿಂತು. ಸೇನೆ ಅಂದರೆ ಗುಂಡಿ ಸರಿಯಾಗಿ ಹಾಕಿಲ್ಲ ಅಂದರೂ ಬೈಯುವ ಜಾಗ, ಅಲ್ವಾ? ಅಲ್ಲಿ ಇದನ್ನೆಲ್ಲ ಹೇಗೆ ಬಿಟ್ಟರು? ನಮ್ಮ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣವೂ ಆ ಯುದ್ಧದ ಕಾಲದ್ದೇ ಅಂತಾರೆ, ನಮ್ಮ ಕಡೆಗೂ ಇಂಥ ವಿಮಾನ ಬಂದಿದ್ದವಾ? ಗೊತ್ತಿದ್ದವರು ಹೇಳಿ. ಉತ್ತರಗಳನ್ನು ನಾನು ಅವರಿಗೆ ಓದಿ ಹೇಳುತ್ತೇನೆ.

ಜಮಖಂಡಿ ಮಾಡೆಲ್:

ನಿಮ್ಮ ತಂದೆಗೆ ನನ್ನ ನಮಸ್ಕಾರ ತಿಳಿಸಿ. ನಾನು ವಿಮಾನಗಳ ಸಣ್ಣ ಮಾಡೆಲ್ ಕಟ್ಟುತ್ತೇನೆ, ಜಾಸ್ತಿ ಬಾಂಬರ್‌ಗಳೇ. ಅಕ್ಷರ ನೋಡಿ ಅವರು ಹೇಳಿದ ಮಾತು ನಿಜ. ಬರೆದವರಲ್ಲಿ ಹಲವರು ಯುದ್ಧಕ್ಕೆ ಮೊದಲು ಅಂಗಡಿ ಬೋರ್ಡ್, ಜಾಹೀರಾತು ಬರೆದು ಹೊಟ್ಟೆ ಹೊರೆದವರು. ಸೇನೆಗೆ ಸೇರಿದ ಮೇಲೂ ಬ್ರಶ್ ಕೈಬಿಡಲಿಲ್ಲ. ಇನ್ನು ಕೆಲವರು ಮೆಕ್ಯಾನಿಕ್‌ಗಳು, ಶಸ್ತ್ರ ತುಂಬುವವರು. ಹಗಲು ಎಂಜಿನ್ ಕೆಲಸ, ಸಂಜೆ ಚಿತ್ರ.

ಒಬ್ಬರ ಹೆಸರು ನಿಮ್ಮ ತಂದೆಗೆ ಹೇಳಲೇಬೇಕು: ಟೋನಿ ಸ್ಟಾರ್ಸರ್. ಇಂಗ್ಲೆಂಡಿನ ಬ್ಯಾಸಿಂಗ್‌ಬೋರ್ನ್ ಎಂಬ ಕಡೆ ಅಮೆರಿಕದ 91ನೇ ಬಾಂಬರ್ ಗ್ರೂಪ್ ಇತ್ತು. ಅಲ್ಲಿ ಇವರು ನೂರಕ್ಕೂ ಹೆಚ್ಚು ವಿಮಾನಗಳ ಮೇಲೆ ಚಿತ್ರ ಬರೆದರು. ‘ಮೆಂಫಿಸ್ ಬೆಲ್’ ಎಂಬ ಬಿ-17 ಬಾಂಬರ್ ಹೆಸರು ಕೇಳಿರಬಹುದು, ಅದರ ಮೇಲಿನ ಹುಡುಗಿ ಇವರ ಕೈಯದೇ. ಪೈಲಟ್ ರಾಬರ್ಟ್ ಮಾರ್ಗನ್ ಮೆಂಫಿಸ್ ಊರಿನ ತನ್ನ ಪ್ರೇಯಸಿ ಮಾರ್ಗರೆಟ್ ಪೋಕ್ ನೆನಪಿಗೆ ಆ ಹೆಸರು ಇಟ್ಟ. ಚಿತ್ರ ಮಾತ್ರ ಅವಳದ್ದಲ್ಲ. ಎಸ್ಕ್ವಾಯರ್ ಮಾಸಿಕದಲ್ಲಿ ಜಾರ್ಜ್ ಪೆಟ್ಟಿ ಬರೆದಿದ್ದ ಒಂದು ಹುಡುಗಿಯನ್ನು ನೋಡಿ ಸ್ಟಾರ್ಸರ್ ದೊಡ್ಡದು ಮಾಡಿ ಬಿಡಿಸಿದರು. ಕುಳಿತು ಫೋನಿನಲ್ಲಿ ಮಾತಾಡುತ್ತಿರುವ ಹುಡುಗಿ. ಎರಡೂ ಪಕ್ಕದಲ್ಲಿ ಅದೇ ಚಿತ್ರ, ಆದರೆ ಎಡಗಡೆ ಬಟ್ಟೆ ನೀಲಿ, ಬಲಗಡೆ ಕೆಂಪು. ಒಂದೇ ವಿಮಾನದ ಬೇರೆ ಬೇರೆ ಫೋಟೊ ನೋಡಿ ಬಣ್ಣ ತಪ್ಪಿದೆ ಅಂದುಕೊಂಡು ನಾನೊಮ್ಮೆ ಒಂದು ಮಾಡೆಲ್ ಪೂರ್ತಿ ಕೆರೆದು ಮತ್ತೆ ಬಳಿದಿದ್ದೇನೆ!

ಬಣ್ಣ ಎಲ್ಲಿಂದ? ವಿಮಾನಕ್ಕೇ ಬಳಿಯುವ ಬಣ್ಣ ಸ್ಟೋರಿನಲ್ಲಿ ಇರುತ್ತಿತ್ತು. ಕೆಂಪು, ಬಿಳಿ, ನೀಲಿ, ಹಳದಿ, ಕಪ್ಪು, ಆಮೇಲೆ ಆ ಮಂಕು ಹಸಿರು. ಮೈಬಣ್ಣ ಬೇಕಾದರೆ ಬಿಳಿಗೆ ಒಂದಿಷ್ಟು ಕೆಂಪು, ಒಂದಿಷ್ಟು ಹಳದಿ ಬೆರೆಸಿಕೊಳ್ಳಬೇಕು. ತೆಳು ಮಾಡಲು ಪೆಟ್ರೋಲನ್ನೂ ಬಳಸಿದ್ದಾರೆ. ಮಾಸಿಕದ ಪುಟದ ಮೇಲೆ ಚೌಕ ಚೌಕ ಗೆರೆ ಎಳೆದು, ಅದೇ ಚೌಕಗಳನ್ನು ವಿಮಾನದ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಎಳೆದು ಬರೆಯುವ ಪದ್ಧತಿ ಇದೆಯಲ್ಲ, ಅದು ನಿಮ್ಮ ತಂದೆಗೆ ಚೆನ್ನಾಗಿ ಗೊತ್ತಿರುತ್ತದೆ. ಪೇಂಟರ್‌ಗಳಿಗೆ ಇಷ್ಟವಾದದ್ದು ಬಿ-24. ಬಿ-17ರ ಮೈ ದುಂಡಗೆ, ಬಿ-24ರ ಪಕ್ಕೆ ಗೋಡೆಯಂತೆ ಚಪ್ಪಟೆ ಮತ್ತು ಎತ್ತರ. ಅಷ್ಟು ಜಾಗ ಸಿಕ್ಕರೆ ಯಾವ ಪೇಂಟರ್ ಸುಮ್ನೆ ಬಿಡುತ್ತಾನೆ? ಪೆಸಿಫಿಕ್ ಕಡೆ ಸಾರ್ಕಿಸ್ ಬಾರ್ಟಿಜಿಯನ್ ಎಂಬ ಸಾರ್ಜೆಂಟ್ ಮೂತಿಯಿಂದ ಹಿಡಿದು ಬಾಲದ ತನಕ ಒಂದೇ ಡ್ರ್ಯಾಗನ್ ಬರೆದ. ವಿಮಾನದ ಹೆಸರೇ ‘ಡ್ರ್ಯಾಗನ್ ಮತ್ತು ಅವನ ಬಾಲ’.

ದುಡ್ಡೂ ಸಿಗುತ್ತಿತ್ತು. ಟಿನಿಯನ್ ದ್ವೀಪದಲ್ಲಿ ಹ್ಯಾಲ್ ಓಲ್ಸನ್ ಎಂಬ ನೌಕಾಪಡೆಯ ಮೆಕ್ಯಾನಿಕ್ ಬಿ-29ಗಳ ಮೇಲೆ ಬರೆಯುತ್ತಿದ್ದ. ಒಂದು ಚಿತ್ರಕ್ಕೆ 50 ಡಾಲರ್. ವಿಮಾನದ ಹುಡುಗರೇ ತಮ್ಮತಮ್ಮಲ್ಲಿ ವಂತಿಗೆ ಹಾಕಿ ಕೊಡುತ್ತಿದ್ದರು. ಸರ್ಕಾರದ ದುಡ್ಡಲ್ಲ.

ಇದು ಎರಡನೇ ಯುದ್ಧದಲ್ಲಿ ಶುರುವಾದದ್ದಲ್ಲ. ಮೊದಲ ಯುದ್ಧದಲ್ಲೇ ಇಟಲಿಯ ಫ್ರಾಂಚೆಸ್ಕೊ ಬರಾಕ ತನ್ನ ವಿಮಾನದ ಮೇಲೆ ಮುಂಗಾಲೆತ್ತಿ ನಿಂತ ಕಪ್ಪು ಕುದುರೆ ಬರೆಸಿಕೊಂಡಿದ್ದ, ಫೆರಾರಿ ಕಾರಿನ ಮೇಲೆ ಈಗಲೂ ಇರುವುದು ಅದೇ ಕುದುರೆ. ನಿಮ್ಮ ಫೋಟೊದ ಶಾರ್ಕ್ ಹಲ್ಲು ಮೊದಲು ಜರ್ಮನಿಯ ಮೆಸ್ಸರ್‌ಸ್ಮಿಟ್ ಯುದ್ಧವಿಮಾನಗಳ ಮೇಲಿತ್ತು. ಅದನ್ನು ನೋಡಿ ಬ್ರಿಟನ್ನಿನ 112ನೇ ಸ್ಕ್ವಾಡ್ರನ್ ಬರೆಸಿತು. ಅವರ ಫೋಟೊ ನೋಡಿ ಬರ್ಮಾ, ಚೀನಾ ಕಡೆ ಹಾರುತ್ತಿದ್ದ ಫ್ಲೈಯಿಂಗ್ ಟೈಗರ್ಸ್ ಎಂಬ ಅಮೆರಿಕನ್ ಪೈಲಟ್‌ಗಳ ದಳದವರು ಬರೆಸಿಕೊಂಡರು. ಶತ್ರುವಿನ ವಿಮಾನದ ಮೇಲಿನದ್ದಾದರೂ ಚಿತ್ರ ಚೆನ್ನಾಗಿದ್ದರೆ ಕಾಪಿ ಮಾಡುತ್ತಿದ್ದರು. ನಮ್ಮ ಕಡೆ ಕಬ್ಬಿನ ಸೀಜನ್‌ನಲ್ಲಿ ಒಂದು ಟ್ರ್ಯಾಕ್ಟರ್ ಮೇಲೆ ಸಂಗೊಳ್ಳಿ ರಾಯಣ್ಣನ ಚಿತ್ರ ಚೆನ್ನಾಗಿ ಬಂದರೆ ಮುಂದಿನ ವರ್ಷ ಫ್ಯಾಕ್ಟರಿ ಮುಂದಿನ ಸಾಲಿನಲ್ಲಿ ಹತ್ತು ಟ್ರ್ಯಾಕ್ಟರ್ ಮೇಲೆ ಅದೇ ರಾಯಣ್ಣ ಇರುತ್ತಾನೆ, ಹಾಗೆ.

ಸಾಂಬ್ರಾ ಫಿಟ್ಟರ್, ಬೆಳಗಾವಿ:

ನಾನು ವಾಯುಪಡೆಯಲ್ಲಿ ಎಂಜಿನ್ ಫಿಟ್ಟರ್ ಆಗಿದ್ದವನು, ಈಗ ನಿವೃತ್ತ. ತರಬೇತಿ ಇಲ್ಲೇ ಸಾಂಬ್ರಾದಲ್ಲಿ ಆಯಿತು. ಸೇನೆ ಹೇಗೆ ಬಿಟ್ಟಿತು ಅಂತ ಕೇಳಿದ್ದೀರಿ, ಅದಕ್ಕೆ ನಾನು ಹೇಳುತ್ತೇನೆ.

ಮೊದಲು ಆ ವಿಮಾನದೊಳಗೆ ಯಾರಿದ್ದರು ನೋಡಿ. ಬಿ-17ರಲ್ಲಿ ಹತ್ತು ಜನ. ಇಬ್ಬರು ಪೈಲಟ್, ದಾರಿ ನೋಡುವವ, ಬಾಂಬ್ ಹಾಕುವವ, ಎಂಜಿನಿಯರ್, ರೇಡಿಯೊದವ, ಉಳಿದವರು ಮಷಿನ್‌ಗನ್ ಹಿಡಿದವರು. ಬಹುತೇಕರಿಗೆ 20, 21, 22 ವಯಸ್ಸು. ನಮ್ಮ ಮನೆಯಲ್ಲಿ ಆ ವಯಸ್ಸಿನ ಹುಡುಗನಿಗೆ ರಾತ್ರಿ ಬೈಕ್ ಕೊಡಲು ಯೋಚನೆ ಮಾಡುತ್ತೇವೆ. 25,000 ಅಡಿ ಮೇಲೆ, ಮೈನಸ್ 40 ಡಿಗ್ರಿ ಚಳಿ, ಪಕ್ಕದ ಕಿಟಕಿ ತೆರೆದೇ ಇರುತ್ತದೆ. ಬರಿಗೈಯಲ್ಲಿ ಲೋಹ ಮುಟ್ಟಿದರೆ ಚರ್ಮ ಅಂಟಿಕೊಂಡು ಬರುತ್ತದೆ. ಉಸಿರಾಡಲು ಆಕ್ಸಿಜನ್ ಪೈಪು.

1943ರಲ್ಲಿ ಅವರಿಗೆ 25 ಸಲ ಹೋಗಿ ಬಂದರೆ ಮನೆಗೆ ಹೋಗುವ ಅವಕಾಶ. ಆಮೇಲೆ 30, ಕೊನೆಗೆ 35 ಮಾಡಿದರು. ಕೇಳಲು ಸಣ್ಣ ಸಂಖ್ಯೆ. 1943ರ ಅಕ್ಟೋಬರ್ 14ರಂದು ಜರ್ಮನಿಯ ಶ್ವೈನ್‌ಫುರ್ಟ್ ಮೇಲೆ 291 ಬಿ-17 ಹೊರಟವು. 60 ಬಿದ್ದವು. ಒಂದೇ ದಿನ, 600 ಜನ. ಸಂಜೆ ಆ 600 ಮಂಚ ಖಾಲಿ. ರಾತ್ರಿ ಹಾರುತ್ತಿದ್ದ ಬ್ರಿಟನ್ನಿನ ಬಾಂಬರ್ ಕಮಾಂಡ್‌ನಲ್ಲಿ ಸುಮಾರು 1,25,000 ಜನ ವಿಮಾನ ಸಿಬ್ಬಂದಿಯಲ್ಲಿ 55,573 ಜನ ಸತ್ತರು. ಈ ಲೆಕ್ಕ ಕಣ್ಣ ಮುಂದೆ ಇರುವ ಕಮಾಂಡರ್, ನಾಳೆ ಬೆಳಿಗ್ಗೆ ಹೊರಡುವ ಹುಡುಗರು ಮೂತಿ ಮೇಲೆ ಒಂದು ಚಿತ್ರ ಬರೆಸಿಕೊಂಡರೆ ಬೈಯುತ್ತಾನಾ? ಬಹಳ ಕಮಾಂಡರ್‌ಗಳು ಕಂಡೂ ಕಾಣದಂತೆ ಇದ್ದರು. ಅಮೆರಿಕದ ನೌಕಾಪಡೆ ಮಾತ್ರ ಬಿಗಿ ಹಿಡಿದಿತ್ತು, ಅಲ್ಲಿ ಇಂಥ ಚಿತ್ರ ಕಡಿಮೆ.

ಇನ್ನೊಂದು ವಿಷಯ, ಇದು ನನ್ನ ಎದೆಯೊಳಗಿನ ಮಾತು. ವಿಮಾನ ಪೈಲಟ್‌ದು ಅಂತ ಎಲ್ಲರೂ ಹೇಳುತ್ತಾರೆ. ಹಾರುವಾಗ ಅವನದ್ದು, ಉಳಿದ ಹೊತ್ತೆಲ್ಲ ನಮ್ಮದು. ಅದರ ಯಾವ ನಟ್ ಸಡಿಲ ಆಗುತ್ತದೆ, ಯಾವ ಪೈಪಿನಲ್ಲಿ ಎಣ್ಣೆ ಜಿನುಗುತ್ತದೆ, ಸ್ಟಾರ್ಟ್ ಆಗುವಾಗ ಹೇಗೆ ಕೆಮ್ಮುತ್ತದೆ, ಎಲ್ಲ ನಮ್ಮ ಕೈಗೆ ಗೊತ್ತು. ಹೋದ ವಿಮಾನ ಬರುವ ತನಕ ಕೆಳಗಿರುವವರಿಗೆ ಊಟ ಸೇರುವುದಿಲ್ಲ. ಸದ್ದು ಕೇಳಿದ ಕೂಡಲೇ ಬೆರಳು ಮಡಿಚಿ ಎಣಿಸುತ್ತೇವೆ. ಆ ಕಾಲದಲ್ಲಿ ನಂಬರು ನೋಡಿ ಗುರುತು ಹಿಡಿಯುವ ಮೊದಲೇ ಮೂತಿ ಮೇಲಿನ ಚಿತ್ರ ನೋಡಿ "ನಮ್ಮದು ಬಂತು" ಅನ್ನುತ್ತಿದ್ದರು. ಪುಟ್ಟ ಬಾಂಬುಗಳ ಸಾಲು ಕೇಳಿದ್ದಿರಲ್ಲ, ಒಂದು ಬಾಂಬ್ ಅಂದರೆ ಒಂದು ಸಲ ಹೋಗಿ ಬಂದ ಲೆಕ್ಕ. ಅದನ್ನು ಬರೆಯುವುದೂ ನೆಲದ ಹುಡುಗರ ಕೆಲಸ. ಇಟಲಿ ಮೇಲೆ ಹೋಗಿ ಬಂದರೆ ಬ್ರಿಟಿಷರು ಬಾಂಬ್ ಬದಲು ಐಸ್‌ಕ್ರೀಮ್ ಕೋನ್ ಬರೆಯುತ್ತಿದ್ದರು.

ನಮ್ಮ ದೇಶದ ಸಂಗತಿಗೆ ಬರುತ್ತೇನೆ. ಸಾಂಬ್ರಾ ನೆಲೆಯನ್ನು ಬ್ರಿಟಿಷ್ ವಾಯುಪಡೆ 1942ರಲ್ಲಿ ಕಟ್ಟಿತು. ಅದು ಜಾಸ್ತಿ ತರಬೇತಿಯ ಜಾಗ. ದೊಡ್ಡ ಬಾಂಬರ್‌ಗಳ ನೆಲೆ ಬಂಗಾಳದ ಕಡೆ. ಖರಗ್‌ಪುರ, ಚಕುಲಿಯಾ ಸುತ್ತ 1944ರಲ್ಲಿ ಅಮೆರಿಕದ ಬಿ-29ಗಳು ಬಂದವು. ಅವು ಹಿಮಾಲಯ ದಾಟಿ ಚೀನಾಕ್ಕೆ ಪೆಟ್ರೋಲು, ಬಾಂಬು ತಾವೇ ಸಾಗಿಸಬೇಕಿತ್ತು. ಆ ಹಾದಿಗೆ ಹಂಪ್, ಅಂದರೆ ಡುಬ್ಬ ಅಂತ ಹೆಸರು. ಒಂದು ಸಲ ಡುಬ್ಬ ದಾಟಿದರೆ ಮೂತಿ ಮೇಲೆ ಒಂದು ಒಂಟೆ. ಭಾರತದಿಂದ ಹಾರಿದ ಬಿ-29ಗಳ ಹಳೆಯ ಫೋಟೊದಲ್ಲಿ ಒಂಟೆಗಳ ಸಾಲು ಹುಡುಕಿ ನಿಮ್ಮ ತಂದೆಗೆ ತೋರಿಸಿ, ಅವರಿಗೆ ಹಿಡಿಸುತ್ತದೆ.

ಯುದ್ಧ ಮುಗಿದ ಮೇಲೆ ಬ್ರಿಟಿಷರು ತಮ್ಮ ಬಿ-24 ಲಿಬರೇಟರ್‌ಗಳನ್ನು ಕಾನ್ಪುರದಲ್ಲಿ ಬಿಟ್ಟು ಹೋದರು. ಮತ್ತೆ ಹಾರಬಾರದು ಅಂತ ಕೆಡಿಸಿಯೇ ಬಿಟ್ಟರು. ಬೆಂಗಳೂರಿನ ಎಚ್‌ಎಎಲ್ ಜನ ಆ ಗುಜರಿಯಿಂದ 40ಕ್ಕೂ ಹೆಚ್ಚು ವಿಮಾನಗಳನ್ನು ಎಬ್ಬಿಸಿದರು! ಅಲ್ಲೇ ಹಾರುವಷ್ಟು ಮಟ್ಟಿಗೆ ಸರಿ ಮಾಡಿ, ಟೆಸ್ಟ್ ಪೈಲಟ್ ಜಮ್‌ಶೆಡ್ ಮುನ್ಷಿ ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. 1948ರ ನವೆಂಬರ್‌ನಲ್ಲಿ ಅವುಗಳಿಂದ ನಮ್ಮ 5ನೇ ಸ್ಕ್ವಾಡ್ರನ್ ಶುರುವಾಯಿತು, ಅದರ ಗುರುತು ಆನೆ. 1968ರ ತನಕ ಲಿಬರೇಟರ್ ಹಾರಿದವು. ಒಂದು ಈಗ ದೆಹಲಿಯ ಪಾಲಂ ಮ್ಯೂಸಿಯಂನಲ್ಲಿದೆ. ನಾನು ಅದರ ಹೊಟ್ಟೆ ಕೆಳಗೆ ನಿಂತು ನೋಡಿದ್ದೇನೆ. ಬಾಂಬ್ ಬಾಗಿಲು ಕೆಳಕ್ಕೆ ತೆರೆಯುವುದಿಲ್ಲ, ಅಂಗಡಿ ಶಟರ್ ತರಹ ಪಕ್ಕೆಗುಂಟ ಮೇಲಕ್ಕೆ ಸುತ್ತಿಕೊಳ್ಳುತ್ತದೆ. ಪಟ್ಟಿ ಪಟ್ಟಿ ತಗಡು. ಬೆರಳಿನಿಂದ ಸವರಿದರೆ ಇವತ್ತಿಗೂ ಗೊತ್ತಾಗುತ್ತದೆ ಎಲ್ಲಿ ಹೊಸ ತಗಡು ಹಚ್ಚಿದ್ದಾರೆ ಅಂತ.

ಜಮಖಂಡಿಯವರು ಹೇಳಿದ ಡ್ರ್ಯಾಗನ್ ವಿಮಾನಕ್ಕೂ ನಮಗೂ ಒಂದು ನಂಟಿದೆ. ಮೂಲ ವಿಮಾನ ಯುದ್ಧದ ಮೇಲೆ ಅರಿಜೋನಾದ ಕಿಂಗ್‌ಮನ್‌ನಲ್ಲಿ ಕರಗಿಹೋಯಿತು. ನಮ್ಮ ವಾಯುಪಡೆಯಲ್ಲಿ ಹಾರಿದ್ದ ಒಂದು ಲಿಬರೇಟರ್ 1980ರ ದಶಕದಲ್ಲಿ ಅಮೆರಿಕ ಸೇರಿತು. ಅದನ್ನು ಹೊಸದರಂತೆ ಮಾಡಿ ಕೆಲವು ವರ್ಷ ಅದೇ ಡ್ರ್ಯಾಗನ್ ಬರೆದು ಹಾರಿಸಿದರು. ನಮ್ಮ ಎಚ್‌ಎಎಲ್ ಫಿಟ್ಟರ್‌ಗಳ ಕೈ ಮುಟ್ಟಿದ ತಗಡಿನ ಮೇಲೆ ಆ ಚಿತ್ರ. ಇದನ್ನು ನೆನೆದರೆ ನನಗೆ ಬಹಳ ಖುಷಿ.

ಇತಿಹಾಸ ಟೀಚರ್, ವಿಜಯಪುರ:

ಎರಡೂ ಉತ್ತರ ಚೆನ್ನಾಗಿವೆ. ನನಗೆ ಹೇಳಬೇಕಾದದ್ದು ಸ್ವಲ್ಪ ಬೇರೆ.

ತಂದೆಯವರನ್ನು ಒಮ್ಮೆ ಶೆರ್ಜಾ ಬುರ್ಜ್ ಮೇಲೆ ಕರೆದುಕೊಂಡು ಹೋಗಿ ಮಲಿಕ್-ಎ-ಮೈದಾನ್ ಮುಂದೆ ನಿಲ್ಲಿಸಿ. ಎಷ್ಟೋ ಸಲ ನೋಡಿರುತ್ತಾರೆ, ಈಗ ಪೇಂಟರ್ ಕಣ್ಣಿನಿಂದ ನೋಡಲಿ. 1549ರಲ್ಲಿ ಅಹ್ಮದನಗರದಲ್ಲಿ ಮುಹಮ್ಮದ್ ರೂಮಿ ಎರಕ ಹೊಯ್ದ ತೋಪು, ಸುಮಾರು 55 ಟನ್. ಅದರ ಬಾಯಿ ಬಾಯ್ತೆರೆದ ಸಿಂಹದ್ದು. ಹಲ್ಲಿನ ನಡುವೆ ಸಿಕ್ಕಿಕೊಂಡ ಪುಟ್ಟ ಆನೆ. ನನ್ನ ಮಕ್ಕಳನ್ನು ಪ್ರತಿ ವರ್ಷ ಕರೆದುಕೊಂಡು ಹೋಗುತ್ತೇನೆ. ಮಧ್ಯಾಹ್ನದ ಬಿಸಿಲಲ್ಲೂ ಆ ಲೋಹ ಅಂಗೈಗೆ ತಣ್ಣಗೆ ಹತ್ತುತ್ತದೆ, ಬೆರಳ ಗಿಣ್ಣಿನಿಂದ ತಟ್ಟಿದರೆ ಗಂಟೆಯಂತೆ ಅನ್ನುತ್ತದೆ. ಮಕ್ಕಳು ಮೊದಲು ಕೈ ಹಾಕುವುದು ಆ ಆನೆಯ ಮೇಲೆ. ಗುಂಡು ಹಾರಲು ಸಿಂಹದ ಮುಖ ಬೇಕಾಗಿಲ್ಲ, ಅಲ್ವಾ? ಆದರೂ ಅಷ್ಟು ಕಷ್ಟಪಟ್ಟು ಮಾಡಿದರು. ವಿಜಯಪುರ ಗೆದ್ದ ಮೇಲೆ ಔರಂಗಜೇಬ್ ಅದೇ ತೋಪಿನ ಮೇಲೆ ತನ್ನ ಗೆಲುವಿನ ಶಾಸನ ಕೆತ್ತಿಸಿದ. ಆಯುಧದ ಮೇಲೆ ಮುಖ, ಹೆಸರು, ಲೆಕ್ಕ ಬರೆಯುವುದು ನಮ್ಮೂರಿಗೆ ಹೊಸದಲ್ಲ. 1854ರಲ್ಲಿ ಇದನ್ನು 150 ರೂಪಾಯಿಗೆ ಹರಾಜು ಹಾಕಿ, ಆಮೇಲೆ ರದ್ದು ಮಾಡಿದರು. ಇಲ್ಲದಿದ್ದರೆ ಇವತ್ತು ನೋಡಲು ಇರುತ್ತಿರಲಿಲ್ಲ.

ಆದರೆ ಆ ಹುಡುಗಿಯರ ಚಿತ್ರ ನನಗೆ ಪೂರ್ತಿ ಒಪ್ಪಿಗೆ ಇಲ್ಲ, ಅದನ್ನು ಹೇಳಿಬಿಡುತ್ತೇನೆ. ಸಾವಿನ ಭಯ, ಮನೆಯ ನೆನಪು ಎಲ್ಲ ಅರ್ಥವಾಗುತ್ತದೆ. ಆದರೂ ಅಲ್ಲಿ ಹೆಂಗಸು ಬರೀ ಮೈಯಾಗಿದ್ದಾಳೆ, ಮನುಷ್ಯಳಾಗಿ ಇಲ್ಲ. ಆ ವಿಮಾನಗಳನ್ನು ಕಟ್ಟಿದವರಲ್ಲಿ ಸಾವಿರಾರು ಹೆಂಗಸರಿದ್ದರು, ರಿವೆಟ್ ಬಡಿದವರು ಅವರೇ. ನನಗೆ ಎಲ್ಲಕ್ಕಿಂತ ಇಷ್ಟವಾದ ವಿಮಾನ ‘5 ಗ್ರಾಂಡ್’. ಪರ್ಲ್ ಹಾರ್ಬರ್ ದಾಳಿಯ ನಂತರ ಸಿಯಾಟಲ್‌ನ ಬೋಯಿಂಗ್ ಕಾರ್ಖಾನೆ ಕಟ್ಟಿದ 5,000ನೇ ಬಿ-17 ಅದು. ಕೆಲಸಗಾರರೆಲ್ಲ, ಹೆಂಗಸರು ಗಂಡಸರು, ಅದರ ಮೈತುಂಬ ಸಹಿ ಹಾಕಿದರು. ಮೂತಿ, ರೆಕ್ಕೆ, ಬಾಲ, ಒಂದು ಜಾಗ ಬಿಟ್ಟಿಲ್ಲ. ಆ ಸಹಿಗಳನ್ನು ಅಳಿಸದೆ ಹಾಗೆಯೇ ಯುದ್ಧಕ್ಕೆ ಕಳಿಸಿದರು. ಯಾವ ಚಿತ್ರಕ್ಕಿಂತ ಆ ಸಹಿಗಳು ನನಗೆ ಹೆಚ್ಚು.

ಬರೆದದ್ದಕ್ಕೆ ಬೆಲೆ ತೆತ್ತವರೂ ಇದ್ದಾರೆ. 1943ರ ಕೊನೆಗೆ ಜರ್ಮನಿಯಲ್ಲಿ ವಿಮಾನ ಬಿದ್ದು ಒಬ್ಬ ಅಮೆರಿಕನ್ ಸೆರೆಸಿಕ್ಕ. ಅವನ ಜಾಕೆಟ್ ಬೆನ್ನ ಮೇಲೆ ‘ಮರ್ಡರ್ ಇಂಕ್’ ಅಂತ ವಿಮಾನದ ಹೆಸರು ಬರೆದಿತ್ತು. ಕೊಲೆಗಡುಕರ ಕಂಪನಿ ಅಂತ ಅರ್ಥ. ಜರ್ಮನ್ ಪತ್ರಿಕೆಗಳು ಆ ಬೆನ್ನಿನ ಫೋಟೊ ಹಾಕಿ, ನೋಡಿ ಇವರೇ ಒಪ್ಪಿಕೊಂಡಿದ್ದಾರೆ ಅಂತ ಬರೆದವು. ಕೆಳಗೆ ಬಾಂಬ್ ಬೀಳುತ್ತಿದ್ದದ್ದು ಊರುಗಳ ಮೇಲೆ, ಮಲಗಿದ್ದ ಮಕ್ಕಳ ಮೇಲೆ ಕೂಡ. ಅದನ್ನು ಈ ಚರ್ಚೆಯಲ್ಲಿ ಮರೆಯಬಾರದು.

ಕೊನೆಗೆ ಒಂದು ಹೆಸರು. ಅದರಲ್ಲಿ ಚಿತ್ರ ಇಲ್ಲ, ಬರೀ ಕಪ್ಪು ಅಕ್ಷರ. ಪೈಲಟ್ ಪಾಲ್ ಟಿಬೆಟ್ಸ್ 1945ರ ಆಗಸ್ಟ್ 5ರಂದು ತನ್ನ ಬಿ-29 ಮೂತಿ ಮೇಲೆ ತನ್ನ ತಾಯಿಯ ಹೆಸರು ಬರೆಸಿದ: ಎನೋಲಾ ಗೇ. ಮರುದಿನ ಬೆಳಿಗ್ಗೆ ಅದು ಹಿರೋಶಿಮಾಕ್ಕೆ ಹೋಯಿತು. ಆ ವರ್ಷದ ಕೊನೆಯ ಹೊತ್ತಿಗೆ ಅಲ್ಲಿ ಸುಮಾರು 1,40,000 ಜನ ಸತ್ತಿದ್ದರು. ತಾಯಿಯ ಹೆಸರು, ನೋಡಿ.

ಬಣ್ಣದ ಡಬ್ಬಿ, ವಿಜಯಪುರ:

ಮೂರು ಜನಕ್ಕೂ ಬಹಳ ಧನ್ಯವಾದ. ನಿನ್ನೆ ರಾತ್ರಿ ಎಲ್ಲವನ್ನೂ ಓದಿ ಹೇಳಿದೆ. ಒಂಟೆಯ ವಿಷಯಕ್ಕೆ ಅಪ್ಪ ನಕ್ಕರು. ಸಹಿ ಹಾಕಿದ ವಿಮಾನದ ಫೋಟೊ ಬಹಳ ಹೊತ್ತು ನೋಡಿದರು. ನೀಲಿ, ಕೆಂಪು ಬಟ್ಟೆ ಕೇಳಿ "ಶಾಣ್ಯಾ ಇದ್ದಾನ" ಅಂದರು.

ಎನೋಲಾ ಗೇ ಅಂತ ಓದಿದ ಮೇಲೆ ಮಾತೇ ಆಡಲಿಲ್ಲ. ಬಹಳ ಹೊತ್ತಿನ ಮೇಲೆ "ಅಕ್ಷರ ಬರ್ದಂವಗ ಗಾಡಿ ಎಲ್ಲಿ ಹೋಗ್ತದ ಅಂತ ಯಾರ್ ಹೇಳ್ತಾರಪ್ಪ" ಅಂತ ಕೇಳಿ ಎದ್ದು ಹೋದರು. 38 ವರ್ಷದಲ್ಲಿ ಅವರು ಲಾರಿಗಳ ಮೇಲೆ ಎಷ್ಟೊಂದು ತಾಯಂದಿರ ಹೆಸರು ಬರೆದಿರಬಹುದು, ನಾನು ಯಾವತ್ತೂ ಯೋಚಿಸಿರಲಿಲ್ಲ.

ಇನ್ನೊಂದು ಪ್ರಶ್ನೆ ಇದೆ. ಯುದ್ಧ ಮುಗಿದ ಮೇಲೆ ಆ ಚಿತ್ರಗಳೆಲ್ಲ ಏನಾದವು?

ಜಮಖಂಡಿ ಮಾಡೆಲ್:

ಬಹುಪಾಲು ಕರಗಿದವು. ಸಾವಿರಾರು ಬಾಂಬರ್‌ಗಳನ್ನು ಅಮೆರಿಕಕ್ಕೆ ವಾಪಸ್ ತಂದು ಬಯಲಿನಲ್ಲಿ ಸಾಲಾಗಿ ನಿಲ್ಲಿಸಿ, ಕತ್ತರಿಸಿ, ಕುಲುಮೆಗೆ ಹಾಕಿ ಅಲ್ಯೂಮಿನಿಯಂ ಗಟ್ಟಿ ಮಾಡಿದರು. ಅರ್ಕಾನ್ಸಾ ರಾಜ್ಯದ ವಾಲ್ನಟ್ ರಿಡ್ಜ್ ಅಂಥ ಒಂದು ಬಯಲು. ಗುಜರಿ ಕಂಪನಿಯ ಮ್ಯಾನೇಜರ್ ಮಿನೋಟ್ ಪ್ರ್ಯಾಟ್ ಎಂಬಾತನಿಗೆ ಆ ಚಿತ್ರಗಳು ಕುಲುಮೆಗೆ ಹೋಗುವುದನ್ನು ನೋಡಲಾಗಲಿಲ್ಲ. ಆಳುಗಳಿಗೆ ಹೇಳಿ, ಚೆನ್ನಾಗಿರುವ ಮೂತಿ ತಗಡುಗಳನ್ನು ಕೊಡಲಿಯಿಂದ ಕಡಿಸಿ ತೆಗೆಸಿಟ್ಟ. ಅಂಥ 33 ತಗಡುಗಳು ಉಳಿದು ಈಗ ಟೆಕ್ಸಾಸ್‌ನಲ್ಲಿವೆ. ಅಂಚು ನೋಡಿದರೆ ಕೊಡಲಿ ಏಟಿನ ಗುರುತು ಸೊಟ್ಟಪಟ್ಟ ಕಾಣುತ್ತದೆ. ನಾನು ಫೋಟೊದಲ್ಲಿ ಮೊದಲು ನೋಡುವುದು ಆ ಅಂಚನ್ನೇ, ಆಮೇಲೆ ಚಿತ್ರ.

ಮೆಂಫಿಸ್ ಬೆಲ್ ಪೂರ್ತಿ ಉಳಿದಿದೆ. ಬಹಳ ವರ್ಷ ಮಳೆ ಬಿಸಿಲಿಗೆ ನಿಂತು ಹಾಳಾಗಿತ್ತು. ವರ್ಷಗಟ್ಟಲೆ ರಿಪೇರಿ ಮಾಡಿ 2018ರ ಮೇ 17ರಂದು ಅಮೆರಿಕದ ಡೇಟನ್ ಊರಿನ ವಾಯುಪಡೆ ಮ್ಯೂಸಿಯಂನಲ್ಲಿ ನಿಲ್ಲಿಸಿದರು. ಅದರ ಸಿಬ್ಬಂದಿ 25ನೇ ಸಲ ಹೋಗಿ ಮರಳಿ ಬಂದ ದಿನಕ್ಕೆ ಸರಿಯಾಗಿ 75 ವರ್ಷಕ್ಕೆ. ಮಾರ್ಗನ್ ಮತ್ತು ಮಾರ್ಗರೆಟ್ ಮದುವೆ ಮಾತ್ರ ಆಗಲಿಲ್ಲ.

ಬಣ್ಣದ ಡಬ್ಬಿ, ವಿಜಯಪುರ:

ಕೊಡಲಿ ವಿಷಯ ಓದುವಾಗ ಅಪ್ಪ ನನ್ನನ್ನು ತಡೆದು, ಇನ್ನೊಮ್ಮೆ ಓದು ಅಂದರು. ಓದಿದೆ. ಎದ್ದು ಅಟ್ಟದ ಮೇಲೆ ಹತ್ತಿದರು. ಗೋಣಿಚೀಲದಲ್ಲಿ ಸುತ್ತಿದ ಒಂದು ಹಲಗೆ ಇಳಿಸಿದರು. ಸುಮಾರು ನಾಲ್ಕು ಅಡಿ ಉದ್ದ, ಸಾಗವಾನಿ. ನಮ್ಮ ದೊಡ್ಡಪ್ಪ ಓಡಿಸುತ್ತಿದ್ದ ಲಾರಿಯ ಹಣೆ ಹಲಗೆ ಅದು. ಲಾರಿ ಗುಜರಿಗೆ ಹೋದಾಗ ಅಪ್ಪ ಗರಗಸ ತೆಗೆದುಕೊಂಡು ಹೋಗಿ ಅದೊಂದನ್ನು ಕೊಯ್ದು ತಂದಿದ್ದರಂತೆ. ನಾನು ಹುಟ್ಟುವ ಮುಂಚೆಯ ಮಾತು. ಮನೆಯಲ್ಲಿ ಯಾರಿಗೂ ಹೇಳಿಲ್ಲ, ಅವ್ವನಿಗೂ ಗೊತ್ತಿರಲಿಲ್ಲ.

ಹಳದಿ ಮೇಲೆ ಕೆಂಪು ಅಕ್ಷರ, ಕೆಳಗೆ ಕಪ್ಪು ನೆರಳು. ಎರಡು ಕಡೆ ಒಂದೊಂದು ಗಿಳಿ. ನಡುವೆ ಅಜ್ಜಿಯ ಹೆಸರು: ಗೌರವ್ವ. ಅಪ್ಪ ಬರೆದ ಮೊದಲ ಲಾರಿ ಅದು. "ಗ ಸ್ವಲ್ಪ ಸೊಟ್ಟ ಆಗ್ಯದ, ಆವಾಗ ಕೈ ಕೂತಿರಲಿಲ್ಲ" ಅಂದರು. ನನಗೆ ಸೊಟ್ಟ ಕಾಣಲಿಲ್ಲ.

ಕೆಳಗಿನ ಅಂಚಿನಲ್ಲಿ ಬಣ್ಣ ಚಕ್ಕೆ ಎದ್ದಿದೆ. ಗೋಡೆಗೆ ಹಾಕಬೇಕು ಅಂತ ನನ್ನ ಆಸೆ. ಅಪ್ಪ ಮತ್ತೆ ಬಣ್ಣ ಹಚ್ಚುತ್ತೇನೆ ಅನ್ನುತ್ತಿದ್ದಾರೆ. ಏನು ಮಾಡಲಿ?

ಜಮಖಂಡಿ ಮಾಡೆಲ್:

ಹಚ್ಚಬೇಡಿ ಅಂತ ಹೇಳಿ, ಕೈಮುಗಿದು ಕೇಳುತ್ತೇನೆ. ಆ ಹಳೆಯ ಬಣ್ಣವೇ ಅದರ ಬೆಲೆ. ವಾರ್ನಿಶ್ ಕೂಡ ಬೇಡ, ಸ್ವಲ್ಪ ವರ್ಷಕ್ಕೆ ಹಳದಿ ತಿರುಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಮೆತ್ತನೆ ಒಣ ಬ್ರಶ್‌ನಿಂದ, ಮೇಲಿಂದ ಕೆಳಗೆ, ಧೂಳು ಮಾತ್ರ ತೆಗೆಯಿರಿ. ಚಕ್ಕೆ ಎದ್ದ ಜಾಗಕ್ಕೆ ಬ್ರಶ್ ಬೇಡ. ಬಿಸಿಲು ನೇರ ಬೀಳದ, ತೇವ ಇಲ್ಲದ ಒಳಗೋಡೆಗೆ ಹಾಕಿ, ಹಲಗೆ ಹಿಂದೆ ಗಾಳಿ ಆಡಲು ಬೆರಳಷ್ಟು ಜಾಗ ಬಿಡಿ. ಮೊಳೆಯನ್ನು ಹಲಗೆಗೆ ಹೊಡೆಯಬೇಡಿ, ಕೆಳಗಿನಿಂದ ಎರಡು ಎಲ್ ಪಟ್ಟಿ ಕೊಟ್ಟು ಕೂರಿಸಿ.

ಹಾಕಿದ ಮೇಲೆ ಒಂದು ಫೋಟೊ ಇಲ್ಲಿ ಹಾಕಿ. ಗರಗಸದಲ್ಲಿ ಕೊಯ್ದ ಅಂಚೂ ಕಾಣಬೇಕು.